ಮಕ್ಕಳಿಗೆ ಕಥೆಯ ಹಂದರ ಹಾಕಲು ಕಲಿಸುವುದು: ಯಾವ ಮಗುವಿಗೆ ಯಾವ ದಾರಿ?

ಆರರಿಂದ ಒಂಬತ್ತು ವರ್ಷದ ಮಕ್ಕಳ ಕೈಗೆ ಹಾಳೆ ಕೊಟ್ಟು "ಒಂದು ಕಥೆ ಬರಿ" ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗುತ್ತದೆ. ಕೆಲವರು "ಒಂದು ಕಾಡಿನಲ್ಲಿ ಒಂದು ಸಿಂಹ ಇತ್ತು" ಅಂತ ಬರೆದು ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಕೆಲವರು ನಿಲ್ಲಿಸುವುದೇ ಇಲ್ಲ: ಆಮೇಲೆ ಎದ್ದ, ಆಮೇಲೆ ಹಲ್ಲು ಉಜ್ಜಿದ, ಆಮೇಲೆ ಪಾರ್ಕಿಗೆ ಹೋದ, ಆಮೇಲೆ ಐಸ್‌ಕ್ರೀಮ್ ತಿಂದ, ಆಮೇಲೆ ಮನೆಗೆ ಬಂದ. ಇನ್ನು ಕೆಲವರು ಚೆನ್ನಾಗಿಯೇ ಶುರು ಮಾಡುತ್ತಾರೆ. ರಾಕ್ಷಸನೂ ಬರುತ್ತಾನೆ. ಆದರೆ ಬಂದ ರಾಕ್ಷಸನನ್ನು ಏನು ಮಾಡಬೇಕು ಅಂತ ತೋಚದೆ "ಅಷ್ಟರಲ್ಲಿ ಎಚ್ಚರವಾಯಿತು, ಅದೆಲ್ಲ ಕನಸು" ಅಂತ ಮುಗಿಸಿಬಿಡುತ್ತಾರೆ.

ಈ ಮೂವರಿಗೂ ನಾವು ಹೇಳುವುದು ಒಂದೇ ಮಾತು: "ಮೊದಲು ಯೋಚನೆ ಮಾಡು, ಆಮೇಲೆ ಬರಿ." ಯೋಚನೆ ಮಾಡುವುದು ಹೇಗೆ ಅಂತಲೇ ಮಗುವಿಗೆ ಗೊತ್ತಿಲ್ಲ, ಅಲ್ವಾ? ಅದನ್ನು ಕಲಿಸಲು ಹಲವು ದಾರಿಗಳಿವೆ. ಎಲ್ಲವೂ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಮಗುವಿನ ವಯಸ್ಸು ಎಷ್ಟು ಅನ್ನುವುದಕ್ಕಿಂತ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವುದನ್ನು ನೋಡಿ ಆರಿಸಿಕೊಳ್ಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಆತುರದಲ್ಲಿದ್ದವರಿಗೆ ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಸರಾಗವಾಗಿ ಬರೆಯಲು ಬಾರದ ಮಗುವಿಗೆ ಬಾಯಲ್ಲಿ ಹೇಳಿಸುವುದು ಮತ್ತು ಚಿತ್ರದ ಚೌಕ. ಶುರು ಮಾಡಲು ಹೆದರುವ ಮಗುವಿಗೆ ಗೊತ್ತಿರುವ ಕಥೆಯನ್ನು ಬದಲಿಸುವುದು. "ಆಮೇಲೆ, ಆಮೇಲೆ" ಅನ್ನುವ ಮಗುವಿಗೆ ಮತ್ತು ಕನಸಿನಲ್ಲಿ ಮುಗಿಸುವ ಮಗುವಿಗೆ "ಬೇಕು – ಆದರೆ – ಅದಕ್ಕೆ – ಕೊನೆಗೆ" ಪಟ್ಟಿ. ಒಂದೇ ಒಂದನ್ನು ಕಲಿಸಲು ಸಮಯವಿದೆ ಅಂದರೆ ಈ ಕೊನೆಯದನ್ನೇ ಕಲಿಸಿ.

ಇಷ್ಟು ಚಿಕ್ಕವರಿಗೆ ಪ್ಲಾನ್ ಯಾಕೆ ಬೇಕು

ಬರೆಯುವಾಗ ಮಗುವಿನ ತಲೆಯಲ್ಲಿ ಏನೇನು ನಡೆಯುತ್ತಿರುತ್ತದೆ ನೋಡಿ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿಸಿದರೆ ರೂಪಗಳ ಲೆಕ್ಕ 500 ದಾಟುತ್ತದೆ. ಅದರ ಮೇಲೆ ಒತ್ತಕ್ಷರ. "ಅಜ್ಜಿ" ಅಂತ ಬರೆಯಲು ಎರಡನೇ ಕ್ಲಾಸಿನ ಮಗು ಜ ಬರೆದು, ಗುಡಿಸು ಕೊಟ್ಟು, ಕೆಳಗೆ ಒತ್ತು ಹಾಕಬೇಕು. ಅಷ್ಟು ಹೊತ್ತಿಗೆ ಅಜ್ಜಿ ಏನು ಮಾಡುತ್ತಿದ್ದಳು ಅನ್ನುವುದೇ ಮರೆತುಹೋಗಿರುತ್ತದೆ. ಮಗುವಿಗೆ ಕಲ್ಪನೆ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಕಲ್ಪನೆ ಬೇಕಾದಷ್ಟಿದೆ. ಕೈ ನಿಧಾನ, ಕಥೆ ಕಾಯುವುದಿಲ್ಲ.

ಕೆನಡಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ 1980ರ ದಶಕದಲ್ಲಿ ಮಕ್ಕಳ ಬರವಣಿಗೆಯನ್ನು ಹತ್ತಿರದಿಂದ ಗಮನಿಸಿದರು. ಬರೆಯಲು ಹೊಸಬರಾದವರು ಒಂದು ವಾಕ್ಯ ಬರೆಯುತ್ತಾರೆ, ಅದು ಏನನ್ನು ನೆನಪಿಸುತ್ತದೋ ಅದನ್ನೇ ಮುಂದಿನ ವಾಕ್ಯವಾಗಿ ಬರೆಯುತ್ತಾರೆ, ಹೀಗೆ ಸಾಗುತ್ತಾರೆ ಅಂತ ವಿವರಿಸಿದರು. ಪಾರ್ಕ್ ಅಂದ ಕೂಡಲೇ ಐಸ್‌ಕ್ರೀಮ್ ನೆನಪಾಗುತ್ತದೆ, ಐಸ್‌ಕ್ರೀಮ್ ಬಂದು ಕೂರುತ್ತದೆ. ಇದು ಮಗುವಿನ ತಪ್ಪಲ್ಲ. ಕಥೆ ಎಲ್ಲಿಗೆ ಹೋಗಬೇಕು ಅನ್ನುವುದು ಕಣ್ಣ ಮುಂದೆ ಇಲ್ಲದಿದ್ದರೆ ಯಾರಿಗಾದರೂ ಹೀಗೇ ಆಗುತ್ತದೆ. ಅದನ್ನು ಕಣ್ಣ ಮುಂದೆ ಇಡುವುದೇ ಪ್ಲಾನಿನ ಕೆಲಸ. ಅಂದವಾಗಿ ಇರಬೇಕಿಲ್ಲ, ಪೂರ್ತಿ ವಾಕ್ಯಗಳಲ್ಲಿ ಇರಬೇಕಿಲ್ಲ, ಕಾಗದದ ಮೇಲೂ ಇರಬೇಕಿಲ್ಲ.

ಹಾಗಾಗಿ ಮುಂದೆ ಹೇಳುವ ಯಾವ ದಾರಿ ಹಿಡಿದರೂ ಒಂದು ನಿಯಮ ಇಟ್ಟುಕೊಳ್ಳಿ. ಪ್ಲಾನ್ ಹಾಕುವಾಗ ಕಾಗುಣಿತ ತಿದ್ದಬೇಡಿ.

ಎಲ್ಲರೂ ಕೊಡುವ "ಮೊದಲು – ಮಧ್ಯ – ಕೊನೆ" ಹಾಳೆ

ವರ್ಕ್‌ಬುಕ್ಕುಗಳಲ್ಲಿ, ಇಂಟರ್ನೆಟ್ಟಿನ ಪ್ರಿಂಟೌಟುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮೂರು ಡಬ್ಬಿ, ಮೂರು ಹೆಸರು. ನೋಡಲು ಸುಲಭ. ಒಂದು ಇಡೀ ಕ್ಲಾಸಿಗೆ ಎರಡು ನಿಮಿಷದಲ್ಲಿ ಹಂಚಬಹುದು.

ಆದರೆ ಈ ಹಾಳೆ ಎಲ್ಲಿ ಬರೆಯಬೇಕು ಅಂತ ಹೇಳುತ್ತದೆಯೇ ಹೊರತು ಏನು ಬರೆಯಬೇಕು ಅಂತ ಹೇಳುವುದಿಲ್ಲ. "ಮಧ್ಯ" ಅನ್ನುವ ಡಬ್ಬಿಯ ಮುಂದೆ ಕೂತ ಮಗುವಿಗೆ ಅಲ್ಲಿ ತೊಂದರೆ ಬರಬೇಕು ಅಂತ ಯಾರು ಹೇಳಿಕೊಟ್ಟರು? "ಎದ್ದ" ಮೊದಲಿಗೆ, "ಪಾರ್ಕಿಗೆ ಹೋದ" ಮಧ್ಯಕ್ಕೆ, "ಮಲಗಿದ" ಕೊನೆಗೆ. ಡಬ್ಬಿ ಮೂರೂ ತುಂಬಿದವು, ಕಥೆ ಮಾತ್ರ ಆಗಲಿಲ್ಲ. ಓದಿದ ಕಥೆಯನ್ನು ಮೂರು ಮಾತಿನಲ್ಲಿ ನೆನಪಿಸಿಕೊಳ್ಳಲು ಈ ಹಾಳೆ ಪರವಾಗಿಲ್ಲ. ಹೊಸ ಕಥೆ ಕಟ್ಟಲು ನಾನು ಇದನ್ನು ಕೊಡುವುದಿಲ್ಲ.

ಬಾಯಲ್ಲಿ ಹೇಳಿಸಿ ನಾವು ಬರೆದುಕೊಳ್ಳುವುದು

ಐದಾರು ವರ್ಷದವರಿಗೆ, ಬರೆಯುವುದೆಂದರೆ ಮುಖ ಸಿಂಡರಿಸುವ ದೊಡ್ಡ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಅಮೆರಿಕದ ಶಿಕಾಗೋದಲ್ಲಿ ವಿವಿಯನ್ ಪೇಲಿ ಅನ್ನುವ ಟೀಚರ್ ಇದ್ದರು. ಪುಟ್ಟ ಮಕ್ಕಳ ತರಗತಿಗೆ ಪಾಠ ಮಾಡುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರಿಗೆ ಕಥೆ ಹೇಳುತ್ತಿದ್ದರು, ಅವರು ಅದನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಇಡೀ ತರಗತಿ ಸೇರಿ ಆ ಕಥೆಯನ್ನು ಆಡಿ ತೋರಿಸುತ್ತಿತ್ತು. ಈ ಕೆಲಸಕ್ಕಾಗಿ 1989ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಇದರಲ್ಲಿ ಪ್ಲಾನ್ ಎಲ್ಲಿದೆ ಅಂತ ನೀವು ಕೇಳಬಹುದು. ಆಡಿ ತೋರಿಸುವುದರಲ್ಲಿದೆ. "ಹುಲಿ ಬಂತು, ಎಲ್ಲರೂ ಓಡಿದರು" ಅಂತ ಮಗು ಹೇಳಿರುತ್ತದೆ. ಆಡುವಾಗ ಹುಲಿಯಾದ ಗೆಳೆಯ ಬಂದು ನಿಂತು "ಈಗ ನಾನೇನು ಮಾಡಬೇಕು?" ಅಂತ ಕೇಳುತ್ತಾನೆ. ಆ ಕ್ಷಣಕ್ಕೆ ಕಥೆಯಲ್ಲಿ ತೂತು ಇದೆ ಅಂತ ಮಗುವಿಗೇ ಗೊತ್ತಾಗುತ್ತದೆ. ನಾವು ಎಷ್ಟು ವಿವರಿಸಿದರೂ ತಲೆಗೆ ಹೋಗದ ಸಂಗತಿ ಇಲ್ಲಿ ತಾನಾಗಿ ಹೋಗುತ್ತದೆ. ಮನೆಯಲ್ಲಿ ಒಂದೇ ಮಗು ಇದ್ದರೆ ಬೊಂಬೆ, ಚಮಚ, ಬಟ್ಟೆಗೆ ಹಾಕುವ ಕ್ಲಿಪ್ಪು ಏನಾದರೂ ಪಾತ್ರವಾಗಬಹುದು.

ನಡುವೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಆಮೇಲೆ ಏನಾಯಿತು?" ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. "ಹೋಗ್ಬುಟ್ಟ" ಅಂದರೆ ಹಾಗೇ ಬರೆಯಿರಿ. ಒಂದು ಪುಟಕ್ಕೆ ನಿಲ್ಲಿಸಿ, ಗಟ್ಟಿಯಾಗಿ ಓದಿ ತೋರಿಸಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಒಟ್ಟಿಗೆ ಕೂತು ಕೇಳಿ.

ಕೊರತೆ ಅಂದರೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ದಿನಕ್ಕೆ ಒಂದಿಬ್ಬರದ್ದು ಮಾತ್ರ ಸಾಧ್ಯ. ಹಾಗೆ ಸರದಿ ಮೇಲೆ ಮಾಡಿದರೂ ತೊಂದರೆಯಿಲ್ಲ. ಒಬ್ಬರ ಕಥೆ ಆಡುವಾಗ ಉಳಿದವರೂ ಕಲಿಯುತ್ತಿರುತ್ತಾರೆ.

ಚಿತ್ರದ ಚೌಕ

ಹಾಳೆಯನ್ನು ಎರಡು ಸಲ ಮಡಚಿ ಬಿಚ್ಚಿದರೆ ನಾಲ್ಕು ಚೌಕ. ಒಂದೊಂದರಲ್ಲಿ ಒಂದೊಂದು ಚಿತ್ರ. ಚಿತ್ರ ಬರೆದ ಮೇಲೆ ಬೆರಳಿಟ್ಟು ಕಥೆ ಹೇಳಬೇಕು, ಆಮೇಲೆ ಬರೆಯಬೇಕು. ಆರೇಳು ವರ್ಷದವರಿಗೆ ಇದು ಬಹಳ ಇಷ್ಟ. ಅಕ್ಷರದ ಹಂಗಿಲ್ಲದೆ ಇಡೀ ಕಥೆ ಒಂದು ನೋಟಕ್ಕೆ ಸಿಗುತ್ತದೆ.

ಎರಡು ಕಡೆ ಇದು ಕೈಕೊಡುತ್ತದೆ. ಚಿತ್ರ ಬರೆಯುವುದರಲ್ಲಿ ಆಸೆಯಿರುವ ಮಗು ಮೊದಲ ಚೌಕದ ಅರಮನೆಗೆ ಬಣ್ಣ ಹಚ್ಚುತ್ತಾ ಅರ್ಧ ಗಂಟೆ ಕಳೆಯುತ್ತದೆ. ಅದಕ್ಕೆ ಬಣ್ಣದ ಪೆನ್ಸಿಲ್ ಎತ್ತಿಡಿ, ಕಡ್ಡಿ ಮನುಷ್ಯರು ಸಾಕು ಅನ್ನಿ. ಚೌಕಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಬಣ್ಣ ಹಚ್ಚಲು ಕಥೆ ಮುಗಿದ ಮೇಲೆ ಬೇಕಾದಷ್ಟು ಹೊತ್ತು ಕೊಡಿ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಾಲ್ಕು ಚೌಕದಲ್ಲೂ ಅದೇ ರಾಜಕುಮಾರಿ ಸುಮ್ನೆ ನಿಂತಿರುತ್ತಾಳೆ. ಏನೂ ನಡೆಯುವುದಿಲ್ಲ. ಆಗ ನಾನು ಹೇಳಿಕೊಡುವ ಉಪಾಯ: ಮೊದಲು ಕೊನೆಯ ಚೌಕ ಬರೆಸಿ. ಆಮೇಲೆ ಮೂರನೆಯದರಲ್ಲಿ ಯಾರಾದರೂ ಅಳುತ್ತಿರಬೇಕು, ಹೆದರಿರಬೇಕು, ಇಲ್ಲವೇ ಏನನ್ನಾದರೂ ಹುಡುಕುತ್ತಿರಬೇಕು ಅನ್ನಿ. ಮುಖ ಬದಲಾದರೆ ಕಥೆ ಚಲಿಸುತ್ತದೆ.

ಚೌಕಗಳನ್ನು ಕತ್ತರಿಸಿ ಬಿಡಿ ಮಾಡಿದರೆ ಇನ್ನೂ ಒಳ್ಳೆಯದು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಿಡಿ ಚೀಟಿಯನ್ನು ಹಿಂದೆ ಮುಂದೆ ಮಾಡಬಹುದು, ಒಂದನ್ನು ತೆಗೆದು ಹೊಸದನ್ನು ಸೇರಿಸಬಹುದು. ಒಂದೇ ಹಾಳೆಯಲ್ಲಿ ಬರೆದದ್ದನ್ನು ಬದಲಿಸು ಅಂದರೆ ಮಕ್ಕಳಿಗೆ ಅಳು ಬರುತ್ತದೆ.

ಗೊತ್ತಿರುವ ಕಥೆಯನ್ನು ಬದಲಿಸುವುದು

"ನನಗೆ ಏನೂ ಹೊಳೆಯುತ್ತಿಲ್ಲ" ಅನ್ನುವ ಮಗುವಿಗೆ ಇದು. ಇಂಗ್ಲೆಂಡಿನ ಶಾಲೆಗಳಲ್ಲಿ ಪೈ ಕಾರ್ಬೆಟ್ ಅನ್ನುವವರು ಈ ದಾರಿಯನ್ನು ಬಹಳ ಹರಡಿದ್ದಾರೆ. ಮೊದಲು ಒಂದು ಕಥೆಯನ್ನು ಅಭಿನಯ ಮಾಡುತ್ತಾ ಬಾಯಿಪಾಠ ಆಗುವ ತನಕ ಹೇಳುವುದು, ಅದಕ್ಕೊಂದು ಚಿತ್ರದ ನಕ್ಷೆ ಬರೆಯುವುದು. ಆಮೇಲೆ ಅದೇ ನಕ್ಷೆಯಲ್ಲಿ ಒಂದೆರಡು ಸಂಗತಿ ಬದಲಿಸುವುದು. ಕೊನೆಗೆ ಸ್ವಂತ ಕಥೆ.

ನಮಗೆ ಇದಕ್ಕೆ ಕಾಗಕ್ಕ ಗುಬ್ಬಕ್ಕನ ಕಥೆಗಿಂತ ಒಳ್ಳೆಯದು ಬೇಕೇ? ಗುಬ್ಬಕ್ಕನದು ಕಲ್ಲಿನ ಮನೆ, ಕಾಗಕ್ಕನದು ಸಗಣಿ ಮನೆ. ಜೋರು ಮಳೆ ಬಂತು, ಸಗಣಿ ಮನೆ ಕೊಚ್ಚಿಕೊಂಡು ಹೋಯಿತು. ಕಾಗಕ್ಕ ಹೋಗಿ "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ" ಅಂತು. "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ" ಅಂತು ಗುಬ್ಬಕ್ಕ. ಮತ್ತೆ ಕರೆಯಿತು, ಮತ್ತೊಂದು ನೆಪ. ಕೊನೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಹೇಳುತ್ತಾರೆ. ಅಜ್ಜಿಯ ಬಾಯಲ್ಲಿ ಕೇಳಿದ ಮಗುವಿಗೆ ಇದರ ನಕ್ಷೆ ಆಗಲೇ ತಲೆಯಲ್ಲಿದೆ.

ಈಗ ಬದಲಿಸೋಣ. "ಕಾಗಕ್ಕನ ಬದಲು ಯಾರು?" "ಇಲಿ." "ಇಲಿಯ ಮನೆ ಯಾವುದರಿಂದ ಕಟ್ಟಿದ್ದು?" ಮಗು ಸ್ವಲ್ಪ ಯೋಚಿಸಿ "ಬೆಲ್ಲದಿಂದ" ಅನ್ನುತ್ತದೆ ಅಂದುಕೊಳ್ಳಿ. ಇಲ್ಲಿ ತಡೆಯಿರಿ. ಮನೆ ಬೆಲ್ಲದ್ದಾದರೆ ಅದನ್ನು ಹಾಳು ಮಾಡುವುದು ಯಾರು? ಮಳೆಯೇ ಬರಬೇಕಾಗಿಲ್ಲ, ಇರುವೆ ಸಾಲು ಬಂದರೂ ಆಯಿತು! ಇರುವೆ ಬಂದರೆ ಇಲಿ ಯಾರ ಮನೆಗೆ ಹೋಗಬೇಕು? ಇರುವೆ ಹತ್ತದ ಮನೆ ಯಾರದ್ದು? ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗಬೇಕು ಅನ್ನುವುದು ಮಗುವಿಗೆ ಆಟದಲ್ಲೇ ತಿಳಿಯುತ್ತದೆ. ಕಥೆ ಹೆಣೆಯುವುದರ ತಿರುಳು ಇದೇ. ಬರೀ ಹೆಸರು ಬದಲಿಸಿ ಉಳಿದದ್ದು ಹಾಗೇ ಬಿಟ್ಟರೆ ಅರ್ಧ ಲಾಭವೂ ಸಿಗುವುದಿಲ್ಲ.

ಕೆಲವು ಅಪ್ಪ ಅಮ್ಮಂದಿರಿಗೆ ಇದು ಕಾಪಿ ಹೊಡೆದ ಹಾಗೆ ಅನ್ನಿಸುತ್ತದೆ. ಹಾಗೆ ಅಂದುಕೊಳ್ಳಬೇಡಿ. ನಮ್ಮ ಜನಪದ ಕಥೆಗಳೆಲ್ಲ ಬಾಯಿಂದ ಬಾಯಿಗೆ ಹೋಗುವಾಗ ಹೀಗೇ ಬದಲಾದವು. ಆದರೆ ಒಂದು ಎಚ್ಚರ ಬೇಕು. ವರ್ಷವಿಡೀ ಇದನ್ನೇ ಮಾಡಿಸಿದರೆ ಹಳೆಯ ಕಥೆಯ ಆಸರೆ ಇಲ್ಲದೆ ಮಗು ಕಾಲಿಡುವುದಿಲ್ಲ. ನಾಲ್ಕೈದು ಕಥೆ ಬದಲಿಸಿದ ಮೇಲೆ ಮುಂದಿನದಕ್ಕೆ ಹೋಗಿ.

ಪ್ರಶ್ನೆಗಳ ಪಟ್ಟಿ ಮತ್ತು ಐದು ಬೆರಳು

ಯಾರು, ಎಲ್ಲಿ, ಯಾವಾಗ, ಏನು, ಯಾಕೆ, ಹೇಗೆ. ಈ ಆರು ಪ್ರಶ್ನೆಗಳ ಪಟ್ಟಿಯೂ ಕಥೆಯ ಪ್ಲಾನ್ ಅಂತ ಓಡಾಡುತ್ತದೆ. ನಿಜ ಹೇಳಬೇಕೆಂದರೆ ಇದು ಸುದ್ದಿ ಬರೆಯುವವರಿಗೆ ಹೊಂದುವ ಪಟ್ಟಿ. ನಡೆದ ಘಟನೆ ಹೇಳಲು ಚೆನ್ನ: ಪಿಕ್ನಿಕ್ಕಿಗೆ ಹೋಗಿ ಬಂದದ್ದು, ಊರ ಜಾತ್ರೆ. ಕಟ್ಟಿದ ಕಥೆಗೆ ಇದು ಸಾಲದು. ಆರಕ್ಕೆ ಆರೂ ಉತ್ತರ ಸಿಕ್ಕಿದ ಮೇಲೂ ಪಾತ್ರಕ್ಕೆ ಒಂದು ಕಷ್ಟ ಬಂದಿರಲೇಬೇಕು ಅಂತಿಲ್ಲ.

ಬೆರಳಿನ ದಾರಿ ಇದಕ್ಕಿಂತ ಮೇಲು. ಹೆಬ್ಬೆರಳು ಯಾರು, ತೋರುಬೆರಳು ಎಲ್ಲಿ, ನಡುಬೆರಳು ಏನು ಬೇಕು, ಉಂಗುರ ಬೆರಳು ಏನು ಅಡ್ಡ ಬಂತು, ಕಿರುಬೆರಳು ಕೊನೆಗೆ ಏನಾಯಿತು. ಹಾಳೆ ಬೇಡ, ಪೆನ್ಸಿಲ್ ಬೇಡ. ಸ್ಕೂಲ್ ವ್ಯಾನ್ ಕಾಯುವಾಗ, ಬಸ್ಸಿನಲ್ಲಿ, ಮಲಗುವಾಗ ಆಡಬಹುದು. ಬರೆಯುವಾಗ ಮರೆತರೆ ಮಗು ಎಡಗೈ ನೋಡಿಕೊಳ್ಳುತ್ತದೆ. ಬರೆಯುವ ಮೊದಲು ದಿನಾ ಐದು ನಿಮಿಷ ಆಡುವ ಆಟವಾಗಿ ಇದನ್ನು ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊರತೆ ಒಂದೇ. ಪಾತ್ರ ಕಷ್ಟದಿಂದ ಪಾರಾಗಲು ತಾನೇ ಏನು ಮಾಡಿತು ಅನ್ನುವುದಕ್ಕೆ ಇದರಲ್ಲಿ ಬೆರಳಿಲ್ಲ.

ಬೇಕು – ಆದರೆ – ಅದಕ್ಕೆ – ಕೊನೆಗೆ

ಆ ಕೊರತೆ ತುಂಬುವುದು ಇದು. ಅಮೆರಿಕದ ಶಾಲೆಗಳಲ್ಲಿ ಓದಿದ ಕಥೆಯ ಸಾರ ಹೇಳಿಸಲು ಇಂಥದ್ದೇ ಒಂದು ಪಟ್ಟಿ ಬಹಳ ಬಳಕೆಯಲ್ಲಿದೆ. ಹೊಸ ಕಥೆ ಕಟ್ಟಲೂ ಇದು ಅಷ್ಟೇ ಚೆನ್ನಾಗಿ ಬರುತ್ತದೆ.

ಮೊದಲು ಗೊತ್ತಿರುವ ಕಥೆಯನ್ನು ಬಿಡಿಸಿ. ಬಾಯಾರಿದ ಕಾಗೆಗೆ ನೀರು ಬೇಕು. ಆದರೆ ಹೂಜಿಯ ತಳದಲ್ಲಿ ನೀರಿದೆ, ಕೊಕ್ಕಿಗೆ ಎಟುಕುವುದಿಲ್ಲ. ಅದಕ್ಕೆ ಕಲ್ಲು ಹಾಕಿತು. ಕೊನೆಗೆ ನೀರು ಮೇಲೆ ಬಂತು, ಕುಡಿಯಿತು. ಸಿಂಹ ಮತ್ತು ಮೊಲದ ಕಥೆ ತೆಗೆದುಕೊಳ್ಳಿ. ಮೊಲಕ್ಕೆ ಬದುಕಬೇಕು. ಆದರೆ ಇವತ್ತು ಸಿಂಹದ ಊಟಕ್ಕೆ ಅದರದ್ದೇ ಸರದಿ. ಅದಕ್ಕೆ ಬೇಕಂತಲೇ ತಡವಾಗಿ ಹೋಗಿ, ಇನ್ನೊಂದು ಸಿಂಹ ಇದೆ ಅಂತ ಬಾವಿ ತೋರಿಸಿತು. ಕೊನೆಗೆ ಸಿಂಹ ತನ್ನ ನೆರಳಿನ ಮೇಲೆಯೇ ಹಾರಿ ಮುಳುಗಿತು. ಮೂರು ನಾಲ್ಕು ಕಥೆ ಹೀಗೆ ಬಿಡಿಸಿದರೆ ಮಕ್ಕಳ ಕಿವಿಗೆ ಈ ನಡೆ ಹಿಡಿಸಿಬಿಡುತ್ತದೆ. "ಆದರೆ" ಅಂದ ಕೂಡಲೇ ಏನೋ ಎಡವಟ್ಟಾಗಲಿದೆ ಅಂತ ಕಣ್ಣರಳಿಸುತ್ತಾರೆ.

ಆಮೇಲೆ ಸ್ವಂತದ್ದು. ಒಂದು ಮಾತುಕತೆ ಹೀಗೆ ಸಾಗಬಹುದು.

"ನಿನ್ನ ಕಥೆ ಯಾರದ್ದು ಪುಟ್ಟಾ?"

"ಆನೆಮರೀದು."

"ಅದಕ್ಕೆ ಏನು ಬೇಕು?"

"ಹಲಸಿನ ಹಣ್ಣು."

"ಆದರೆ?"

"ಆದರೆ... ತೋಟಕ್ಕೆ ಬೇಲಿ ಇತ್ತು."

"ಅದಕ್ಕೆ ಆನೆಮರಿ ಏನು ಮಾಡ್ತು?"

"ಅವರಮ್ಮನ್ನ ಕರೀತು. ಅಮ್ಮ ಬಂದು ಬೇಲಿ ಮುರೀತು."

ಇಲ್ಲಿ ನಿಲ್ಲಬೇಕು. ಚಿಕ್ಕ ಮಕ್ಕಳ ಕಥೆಯಲ್ಲಿ ಅಮ್ಮ, ದೇವರು, ಸೂಪರ್‌ಮ್ಯಾನ್, ಮಂತ್ರದಂಡ ಬಂದು ಕಷ್ಟ ಕಳೆಯುವುದು ಸಹಜ. ಅವರ ದಿನದಲ್ಲಿ ಅಮ್ಮನೇ ತಾನೆ ಎಲ್ಲ ಕಷ್ಟ ಕಳೆಯುವುದು? ಬೈಯುವ ಅಗತ್ಯವಿಲ್ಲ. "ಅಮ್ಮ ದೂರ ಹೋಗಿತ್ತು, ಕೂಗಿದರೂ ಕೇಳಿಸಲಿಲ್ಲ. ಮರಿ ತಾನೇ ಏನು ಮಾಡಬಹುದು?" ಅಂತ ಕೇಳಿ. ಮಗು ಹೇಳುತ್ತದೆ: "ಸೊಂಡಿಲು ಉದ್ದ ಮಾಡಿ ಬೇಲಿ ಮೇಲಿಂದ ಹಾಕ್ತು." ಸರಿ, ಸಿಕ್ಕಿತೇ? "ಇಲ್ಲ, ನಾಯಿ ಬೊಗಳ್ತು!" ನೋಡಿ, ಎರಡನೇ "ಆದರೆ" ಮಗುವೇ ತಂದಿತು. "ಅದಕ್ಕೆ?" "ಅದಕ್ಕೆ ಸೊಂಡಿಲಲ್ಲಿ ನೀರು ತಂದು ನಾಯಿ ಮೇಲೆ ಹಾಕ್ತು. ನಾಯಿಗೂ ಸೆಕೆ ಆಗಿತ್ತು. ಕೊನೆಗೆ ಇಬ್ಬರೂ ಫ್ರೆಂಡ್ಸ್ ಆದ್ರು, ನಾಯೀನೇ ಗೇಟ್ ತೋರಿಸ್ತು."

ಇಷ್ಟು ಸಾಕು. ಇದನ್ನು ಪಟ್ಟಿಯಲ್ಲಿ ಬರೆಯುವಾಗ ಒಂದೊಂದಕ್ಕೆ ಒಂದೆರಡು ಪದ: ಹಲಸು, ಬೇಲಿ, ಸೊಂಡಿಲು, ನಾಯಿ, ನೀರು, ಗೇಟ್. ಪೂರ್ತಿ ವಾಕ್ಯ ಬರೆಸಿದರೆ ಕಥೆಯನ್ನು ಎರಡು ಸಲ ಬರೆಸಿದ ಹಾಗಾಗುತ್ತದೆ. ಎರಡನೇ ಸಲಕ್ಕೆ ಮಗುವಿನ ಉತ್ಸಾಹ ಇಳಿದುಹೋಗಿರುತ್ತದೆ.

ಮಗು ಸುಮ್ಮನಾದರೆ ಉತ್ತರ ನೀವು ಹೇಳಬೇಡಿ. ಎರಡು ಉತ್ತರ ಕೊಟ್ಟು ಆರಿಸಿಕೊಳ್ಳಲು ಬಿಡಿ: "ಬೇಲಿ ಇತ್ತಾ? ಹಣ್ಣು ತುಂಬಾ ಎತ್ತರದಲ್ಲಿತ್ತಾ?" ಹತ್ತರಲ್ಲಿ ಎಂಟು ಸಲ ಮಗು ಎರಡನ್ನೂ ಬಿಟ್ಟು ತನ್ನದೇ ಮೂರನೆಯದನ್ನು ಹೇಳುತ್ತದೆ. ನಮಗೆ ಬೇಕಾದದ್ದೂ ಅದೇ. ಇನ್ನೊಂದು ವಿಷಯ: ಬೇಕು ಅನ್ನುವುದು ಕಣ್ಣಿಗೆ ಕಾಣುವ ವಸ್ತುವಾಗಿರಲಿ. "ಅವನಿಗೆ ಖುಷಿಯಾಗಿರಬೇಕು" ಅಂತ ಶುರು ಮಾಡಿದರೆ ಅಡ್ಡಿ ಹುಡುಕುವುದು ಏಳು ವರ್ಷದವರಿಗೆ ಕಷ್ಟ. ಚೆಂಡು, ಹಣ್ಣು, ಕಳೆದುಹೋದ ಚಪ್ಪಲಿ, ಮನೆಗೆ ಹೋಗುವ ದಾರಿ ಆದರೆ ಸುಲಭ.

ಕನಸಿನಲ್ಲಿ ಮುಗಿಸುವ ಮಗುವಿಗೆ ಇದು ಯಾಕೆ ಮದ್ದು ಅಂದರೆ, ಕೊನೆ ಎಲ್ಲಿಂದ ಬರಬೇಕು ಅನ್ನುವುದು ಮೊದಲ ಸಾಲಿನಲ್ಲೇ ಇರುತ್ತದೆ. ಬೇಕಾಗಿದ್ದು ಸಿಕ್ಕಿತೋ, ಸಿಗಲಿಲ್ಲವೋ, ಅದರ ಬದಲು ಬೇರೆ ಏನೋ ಸಿಕ್ಕಿತೋ? ಈ ಮೂರರಲ್ಲಿ ಒಂದನ್ನು ಆರಿಸು ಅಂದರೆ ಸಾಕು, ಎಚ್ಚರವಾಗುವ ಅಗತ್ಯವೇ ಬೀಳುವುದಿಲ್ಲ. ಸಿಗದೇ ಹೋದ ಕಥೆಯನ್ನೂ ಒಪ್ಪಿಕೊಳ್ಳಿ. ಎಲ್ಲದಕ್ಕೂ ನೀತಿ ಅಂಟಿಸುವ ಒತ್ತಾಯ ಮಾಡಬೇಡಿ. "ಇದರಿಂದ ನಾವು ಕಲಿಯುವ ಪಾಠ" ಅನ್ನುವ ಸಾಲು ಬರೆಸುವುದು ನಮ್ಮಲ್ಲಿ ಗಟ್ಟಿಯಾಗಿ ಅಂಟಿಕೊಂಡ ಅಭ್ಯಾಸ. ಮಗು ಆ ಸಾಲನ್ನು ಮೊದಲೇ ಇಟ್ಟುಕೊಂಡು ಕಥೆ ಕಟ್ಟಲು ಹೋದರೆ ಕಥೆ ಜೀವ ಕಳೆದುಕೊಳ್ಳುತ್ತದೆ.

ಆರಕ್ಕಿಂತ ಚಿಕ್ಕವರಿಗೆ ಇದನ್ನು ಪಟ್ಟಿಯಾಗಿ ಕೊಡಬೇಡಿ. ಮಾತಿನಲ್ಲಿ ಒಂದು "ಆದರೆ" ಸಾಕು.

ಕಥೆಯ ಬೆಟ್ಟ

ಬೆಟ್ಟದ ಚಿತ್ರ ಬರೆದು ಹತ್ತುವ ಕಡೆ ಕಷ್ಟ ಏರುವುದು, ತುದಿಯಲ್ಲಿ ದೊಡ್ಡ ಘಟನೆ, ಇಳಿಯುವ ಕಡೆ ಪರಿಹಾರ ಅಂತ ತೋರಿಸುವ ಹಾಳೆಗಳಿವೆ. ಇದರ ಹಿಂದಿರುವ ಯೋಚನೆ ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಐದು ಅಂಕದ ನಾಟಕಗಳ ರಚನೆ ವಿವರಿಸಲು ಬರೆದ ತ್ರಿಕೋನ. ದೊಡ್ಡವರ ನಾಟಕಕ್ಕೆ ಮಾಡಿದ ಅಳತೆ ಎರಡನೇ ಕ್ಲಾಸಿಗೆ ಹೊಂದುವುದು ಕಷ್ಟ. ಒಂಬತ್ತು ಹತ್ತು ವರ್ಷದವರು, ಎರಡು ಮೂರು "ಆದರೆ" ಇರುವ ಕಥೆ ಬರೆಯಬಲ್ಲವರು, ಯಾವ ಕಷ್ಟವನ್ನು ಕೊನೆಗೆ ಇಡಬೇಕು ಅಂತ ಯೋಚಿಸುವಾಗ ಇದು ಕೆಲಸಕ್ಕೆ ಬರುತ್ತದೆ. ಅದಕ್ಕೆ ಮೊದಲು ಬೇಡ.

ಏನೂ ಹೊಳೆಯದಿದ್ದಾಗ

ಮೇಲಿನ ಯಾವ ದಾರಿಗೂ ಒಂದು ಬೀಜ ಬೇಕು. ಇಟಲಿಯ ಜಿಯಾನಿ ರೊಡಾರಿ ಮಕ್ಕಳಿಗಾಗಿ ಬರೆದವರು, 1972ರಲ್ಲಿ ರೆಜ್ಜೊ ಎಮಿಲಿಯಾ ಊರಿನ ಶಿಕ್ಷಕರ ಜೊತೆ ಕೂತು ಕಥೆ ಕಟ್ಟುವುದರ ಬಗ್ಗೆ ಚರ್ಚೆ ಮಾಡಿದವರು. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಪದ ಪಕ್ಕಪಕ್ಕ ಇಡಿ ಅನ್ನುತ್ತಿದ್ದರು ಅವರು. ಅವರ ಉದಾಹರಣೆ ನಾಯಿ ಮತ್ತು ಬಟ್ಟೆ ಬೀರು. ಕುದುರೆ ಮತ್ತು ನಾಯಿ ಅಂದರೆ ಏನೂ ಆಗುವುದಿಲ್ಲ, ಎರಡೂ ಪ್ರಾಣಿ. ಬೀರುವಿನೊಳಗೆ ನಾಯಿ ಅಂದ ಕೂಡಲೇ ಪ್ರಶ್ನೆ ಏಳುತ್ತದೆ.

ಚೀಟಿ ಆಟ ಮಾಡಿ. ಒಂದು ಡಬ್ಬಿಯಲ್ಲಿ ಪ್ರಾಣಿ, ಮನುಷ್ಯರ ಹೆಸರು. ಇನ್ನೊಂದರಲ್ಲಿ ಮನೆಯ ವಸ್ತು. ಮೇಕೆ ಮತ್ತು ಪ್ರೆಶರ್ ಕುಕ್ಕರ್. ಪೋಸ್ಟ್‌ಮ್ಯಾನ್ ಮತ್ತು ತೊಟ್ಟಿಲು. ಇದು ಪ್ಲಾನ್ ಅಲ್ಲ, ನೆನಪಿಡಿ. ಚೀಟಿ ತೆಗೆದ ಮೇಲೆ "ಮೇಕೆಗೆ ಏನು ಬೇಕು?" ಅಂತ ಕೇಳಲೇಬೇಕು.

ಮನೆಯೋ, ಕ್ಲಾಸೋ, ಹೊರದೇಶವೋ

ಮನೆಯಲ್ಲಿ ಒಂದು ಮಗುವಿನ ಜೊತೆ ಕೂರುವವರಿಗೆ ಎಲ್ಲ ದಾರಿಯೂ ತೆರೆದಿದೆ. ಬಾಯಲ್ಲಿ ಹೇಳಿಸಿ, ಬೆರಳು ಮಡಚಿಸಿ, ಚೀಟಿ ಜೋಡಿಸಿ.

ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಬೇರೆ ಅನುಕೂಲವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಚಿಕ್ಕವರು ಕಥೆ ಹೇಳಲಿ, ಮೂರನೇ ತರಗತಿಯವರು ಬರೆದುಕೊಳ್ಳಲಿ. ದೊಡ್ಡ ಮಗುವಿಗೆ "ಅದಕ್ಕೆ ಏನು ಮಾಡ್ತು?" ಅಂತ ಕೇಳುವ ಕೆಲಸ ಕೊಟ್ಟರೆ ಇಬ್ಬರೂ ಕಲಿಯುತ್ತಾರೆ. ಮೂವತ್ತು ನಲವತ್ತು ಮಕ್ಕಳ ಒಂದೇ ತರಗತಿಯಾದರೆ ಮೊದಲ ಕಥೆಯನ್ನು ಬೋರ್ಡಿನ ಮೇಲೆ ಎಲ್ಲರೂ ಸೇರಿ ಕಟ್ಟಿ. ಆಮೇಲೆ ಇಬ್ಬಿಬ್ಬರು, ಆಮೇಲೆ ಒಬ್ಬೊಬ್ಬರು. ನೇರವಾಗಿ ಒಬ್ಬೊಬ್ಬರಿಗೆ ಹಾಳೆ ಕೊಟ್ಟರೆ ಅರ್ಧ ಕ್ಲಾಸು ಪಕ್ಕದವರ ಹಾಳೆ ನೋಡುತ್ತಿರುತ್ತದೆ.

ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ತರಗತಿಗೆ ಬರುವ ಮಕ್ಕಳು, ಬೆಂಗಳೂರಿನಲ್ಲೇ ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಕ್ಕಳು ಕನ್ನಡ ಮಾತಾಡುತ್ತಾರೆ, ಬರೆಯಲು ತಡವರಿಸುತ್ತಾರೆ. ಅವರಿಗೆ ಚಿತ್ರದ ಚೀಟಿಯೇ ಸರಿ. ಚೀಟಿಯ ಮೇಲೆ ಯಾವ ಲಿಪಿಯಲ್ಲಾದರೂ ಗುರುತು ಹಾಕಿಕೊಳ್ಳಲಿ, ಹೇಳುವುದು ಕನ್ನಡದಲ್ಲಿ ಆದರೆ ಸಾಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅಕ್ಷರ ಓದದೆ ಬರೀ ಚಿತ್ರ ತೋರಿಸಿ, ಇಲ್ಲಿ ಯಾರಿಗೆ ಏನು ಬೇಕು, ಎಲ್ಲಿ "ಆದರೆ" ಬಂತು ಅಂತ ಹುಡುಕಿಸಿ.

ಪ್ಲಾನ್ ಸರಿಯಾಗಿದೆಯೋ ಇಲ್ಲವೋ

ಪರೀಕ್ಷೆ ಸುಲಭ. ಮಗು ತನ್ನ ಪ್ಲಾನನ್ನು ಅಣ್ಣನಿಗೋ ಗೆಳತಿಗೋ ಕೊಡಲಿ. ಅವರು ಅದನ್ನು ನೋಡಿ ಕಥೆ ಹೇಳಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ಚೀಟಿ ಬೇಕು. ಕೆಂಪು ಪೆನ್ನಿಗಿಂತ ಈ ತಡವರಿಕೆ ಮಗುವಿಗೆ ಬೇಗ ಅರ್ಥವಾಗುತ್ತದೆ.

ಇಷ್ಟಕ್ಕೆಲ್ಲ ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಪ್ಲಾನ್ ಹಾಕಿದ ದಿನವೇ ಬರೆಯಲು ಶುರು ಮಾಡಿಸಿ. ವಾರ ಬಿಟ್ಟರೆ ಆರು ಪದಗಳ ಪಟ್ಟಿ ನೋಡಿ ಆನೆಮರಿ ನಾಯಿಗೆ ಯಾಕೆ ನೀರು ಹಾಕಿತು ಅನ್ನುವುದು ಮಗುವಿಗೇ ನೆನಪಿರುವುದಿಲ್ಲ.

ಇನ್ನು ಬರೆಯುತ್ತಾ ಬರೆಯುತ್ತಾ ಮಗು ಪ್ಲಾನ್ ಬಿಟ್ಟು ಬೇರೆ ಕಡೆ ಹೋದರೆ? ಹೋಗಲಿ ಬಿಡಿ. ಗೇಟ್ ತೋರಿಸುವ ಬದಲು ನಾಯಿ ತಾನೇ ಹಲಸಿನ ಹಣ್ಣು ಉರುಳಿಸಿಕೊಂಡು ಬಂದರೆ ಅದಕ್ಕಿಂತ ಚೆಂದ ಏನಿದೆ? ಆದರೆ ನಡುವೆ ಸಿಕ್ಕಿಹಾಕಿಕೊಂಡು "ಮುಂದೆ ಏನು ಬರೀಲಿ?" ಅಂತ ಕೇಳಿದಾಗ ಮಾತ್ರ ಉತ್ತರ ಹೇಳದೆ ಪಟ್ಟಿಯ ಕಡೆ ಬೆರಳು ತೋರಿಸಿ. "ಆನೆಮರಿಗೆ ಬೇಕಾಗಿದ್ದು ಏನು, ನೋಡು" ಅಂದರೆ ಸಾಕು.